ಹಾಕಿಕೊಂಡು ಮಲಗಬಾರದು

ಊರವರ ಕಣ್ಣಿಗೆಲ್ಲ ಲೆನ್ಸ್ ಮಾಡಿಕೊಡುವ ಲೂಪೆಗೆ ಹೆತ್ತ ಅಪ್ಪನ ಕಣ್ಣಿಗೊಂದು ಲೆನ್ಸ್ ಹೊಂದಿಸಲು ಆಗಲಿಲ್ಲವಂತೆ ಎಂದು ಆಕ್ಲೆಂಡಿನ ಮಾಂಗೆರೆಯ ಚರ್ಚಿನ ಹೆಂಗಸರು ಮಾತಾಡಿಕೊಳ್ಳತೊಡಗಿದ್ದರು. ಆಡುವ ಬಾಯಿಗೆ ಬೀಗ ಹಾಕುವವರು ಯಾರು. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಮೊದಲನೆಯ ಲೆನ್ಸ್ ಸೋತಿತ್ತು, ಎರಡನೆಯದು ಸೋತಿತ್ತು, ಈಗ ಮೂರನೆಯದೂ ಅದೇ ದಾರಿ ಹಿಡಿದಿತ್ತು.

ಲೂಪೆ ಅದೇ ಊರಿನ ಪೆನ್ರೋಸ್ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆನ್ಸ್‌ಗಳ ವಿನ್ಯಾಸ ಮಾಡುವವಳು. ಆಸ್ಪತ್ರೆಗಳಿಂದ ಕಣ್ಣಿನ ಅಳತೆಗಳು ಬರುತ್ತವೆ. ಅವಳು ಕಂಪ್ಯೂಟರಿನ ಮುಂದೆ ಕೂತು ಆ ಕಣ್ಣಿನ ಉಬ್ಬುತಗ್ಗುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಲೆನ್ಸ್ ಎಷ್ಟು ಆಳವಿರಬೇಕು, ಅದರ ಅಂಚು ಎಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು ಎಂದು ತೀರ್ಮಾನಿಸುತ್ತಾಳೆ. ಪಕ್ಕದ ಕೋಣೆಯಲ್ಲಿ ವಜ್ರದ ಮೊನೆಯ ಯಂತ್ರ ಅದನ್ನು ಪ್ಲಾಸ್ಟಿಕ್ ಬಿಲ್ಲೆಯಿಂದ ಕಡೆದು ತೆಗೆಯುತ್ತದೆ. ಕೂದಲೆಳೆಯ ಅರ್ಧದಷ್ಟು ಹೆಚ್ಚುಕಮ್ಮಿಯಾದರೂ ಅವಳಿಗೆ ಸಮಾಧಾನವಿಲ್ಲ. ಇಂಥ ಕೆಲಸದಲ್ಲಿ ನಮ್ಮ ಟೊಂಗಾದವಳೊಬ್ಬಳು ಇದ್ದಾಳೆಂಬುದು ಚರ್ಚಿನವರಿಗೆಲ್ಲ ಹೆಮ್ಮೆ. ಹೆಮ್ಮೆಪಡುವವರೇ ಆಡಿಕೊಳ್ಳುವುದು, ಬೇರೆಯವರಿಗೇನು ಗರಜು.

ನಮ್ಮ ಜನಕ್ಕೆ ಈ ಲೆನ್ಸ್ ಹೊಸದಲ್ಲ. ಕಣ್ಣಿನ ಮುಂದಿನ ಗಾಜಿನಂಥ ಪೊರೆ ಎಲ್ಲರಿಗೂ ಗುಂಡಗಿದ್ದರೆ, ನಮ್ಮ ದ್ವೀಪದವರಲ್ಲಿ ಎಷ್ಟೋ ಮಂದಿಗೆ ಹರೆಯಕ್ಕೆ ಬರುವಷ್ಟರಲ್ಲಿ ಅದು ತೆಳ್ಳಗಾಗಿ, ಶಂಕುವಿನಂತೆ ಮುಂದಕ್ಕೆ ಚೂಪಾಗಿಬಿಡುತ್ತದೆ. ಆಮೇಲೆ ಒಂದು ದೀಪ ಹತ್ತು ದೀಪವಾಗುತ್ತದೆ, ಎದುರು ಬಂದವರ ಮುಖ ನೀರಿನಲ್ಲಿ ಕಲಸಿಹೋಗುತ್ತದೆ. ಕನ್ನಡಕ ಕೆಲಸಕ್ಕೆ ಬರುವುದಿಲ್ಲ. ಅಂಥ ಕಣ್ಣಿಗೆ ಲೂಪೆ ಮಾಡುವುದು ಬೋಗುಣಿಯಂಥ ದೊಡ್ಡ ಲೆನ್ಸ್. ಅದರ ಅಂಚು ಕಣ್ಣಿನ ಬಿಳಿಯ ಮೇಲೆ ಕೂರುತ್ತದೆ. ಒಳಗೆ ಉಪ್ಪುನೀರು ತುಂಬಿರುತ್ತದೆ. ಸೊಟ್ಟ ಪೊರೆ ಆ ನೀರಿನಲ್ಲಿ ಮುಳುಗಿರುತ್ತದೆ. ಲೆನ್ಸ್ ಪೊರೆಯನ್ನು ಮುಟ್ಟುವುದೇ ಇಲ್ಲ. ಪೊರೆಯ ತಪ್ಪನ್ನೆಲ್ಲ ನೀರು ಮುಚ್ಚಿಹಾಕುತ್ತದೆ.

ಅಪ್ಪ ಸೈಮೋನೆಗೆ ಎರಡೂ ಕಣ್ಣು ಹಾಗೆಯೇ. ಎಡಗಣ್ಣಿಗೆ ಹಿಂದೆ ಆಪರೇಷನ್ ಮಾಡಿ, ಸತ್ತವರ ಪೊರೆ ತಂದು ಹೊಲಿದಿದ್ದರು. ಒಂದಷ್ಟು ಕಾಲ ಚೆನ್ನಾಗಿತ್ತು. ಆಮೇಲೆ ಮೈ ಅದನ್ನು ಒಪ್ಪಲಿಲ್ಲ, ಆ ಕಣ್ಣು ಕತ್ತಲಾಯಿತು. ಉಳಿದದ್ದು ಬಲಗಣ್ಣು. ಆಸ್ಪತ್ರೆಯಲ್ಲಿ ಅವನನ್ನು ನೋಡುವ ಬ್ರಿಜೆಟ್ ಎಂಬ ಬಿಳಿಯ ಹೆಂಗಸು ಒಳ್ಳೆಯವಳು, ಮಾತು ಮಾತ್ರ ನೇರ. ಲೆನ್ಸ್ ಒಗ್ಗಿದರೆ ಸರಿ, ಒಗ್ಗದಿದ್ದರೆ ಈಸ್ಟರ್ ಕಳೆದ ಮೇಲೆ ಬಲಗಣ್ಣಿಗೂ ಆಪರೇಷನ್ನೇ ದಾರಿ ಎಂದು ಹೇಳಿದ್ದಳು. ಎಡಗಣ್ಣಿಗೆ ಆದದ್ದೇ ಬಲಗಣ್ಣಿಗೂ ಆದರೆ ಎಂದು ಲೂಪೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆಂಬ ಭಯ ಅವಳಿಗೆ.

ಸೈಮೋನೆ ನಮ್ಮ ಚರ್ಚಿನ ಹಾಡುಮೇಳದ ಮುಖ್ಯಸ್ಥ. ನಮ್ಮಲ್ಲಿ ಸ್ವರಗಳನ್ನು ಅಂಕಿಗಳಲ್ಲಿ ಬರೆಯುವುದು. ಬಿಳಿ ಬಟ್ಟೆಯ ಮೇಲೆ ಸಾಲುಸಾಲಾಗಿ ಅಂಕಿ ಬರೆದು ಗೋಡೆಗೆ ಕಟ್ಟಿ, ಕೋಲಿನಿಂದ ಒಂದೊಂದನ್ನೇ ತೋರಿಸುತ್ತ ಹಾಡಿಸಬೇಕು. ಅವನು ಕೋಲಿಟ್ಟ ಕಡೆ ಒಂದಂಕಿ ತಪ್ಪಿದ್ದನ್ನು ಕಂಡವರಿಲ್ಲ. ಆದರೆ ಈಚೆಗೆ ಅವನು ಬಟ್ಟೆ ಕಟ್ಟಿಸುತ್ತಿದ್ದುದು ಬರೀ ಶಾಸ್ತ್ರಕ್ಕೆ. ಹಳೆಯ ಹಾಡುಗಳನ್ನಷ್ಟೇ ಆರಿಸಿ, ನೆನಪಿನಿಂದ ಕೋಲಾಡಿಸುತ್ತಿದ್ದ. ಹೊಸ ಹಾಡು ಯಾಕೆ ಕಲಿಸುವುದಿಲ್ಲ ಎಂದು ಯಾರಾದರೂ ಕೇಳಿದರೆ, ಹಳೆಯದನ್ನೇ ನೀವು ಕತ್ತೆಗಳ ಹಾಗೆ ಹಾಡುತ್ತೀರಿ, ಮೊದಲು ಅದನ್ನು ಕಲಿಯಿರಿ ಎಂದು ಬಾಯಿ ಮುಚ್ಚಿಸುತ್ತಿದ್ದ.

ಮೊದಲನೆಯ ಲೆನ್ಸನ್ನು ಹಾಕಿ ನೋಡಿದ ದಿನ ಆಸ್ಪತ್ರೆಯಲ್ಲಿ ಎಲ್ಲವೂ ಸುಸೂತ್ರವಾಗಿ ಆಗಿತ್ತು. ಬ್ರಿಜೆಟ್ ತನ್ನ ಕೈಯಿಂದಲೇ ಲೆನ್ಸ್ ಹಾಕಿ, ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕು ಹರಿಸಿದಳು. ಲೂಪೆ ಹಿಂದೆ ನಿಂತು ಪರದೆಯ ಮೇಲೆ ನೋಡಿದಳು. ಲೆನ್ಸಿನಡಿಯ ನೀರು ಎಲ್ಲ ಕಡೆ ಒಂದೇ ಸಮನಾಗಿ ಹಸಿರು ಹೊಳೆಯುತ್ತಿತ್ತು. ಎಲ್ಲಿಯೂ ಕಪ್ಪಿಲ್ಲ, ಅಂದರೆ ಎಲ್ಲಿಯೂ ಪೊರೆಗೆ ತಾಗಿಲ್ಲ. ಅಷ್ಟು ಚೆಂದದ ಹಸಿರನ್ನು ಅವಳು ತನ್ನ ಕೆಲಸದಲ್ಲಿ ಕಂಡಿರಲಿಲ್ಲ. ಸೈಮೋನೆ ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಓದಿ, ಸಾಲದೆಂದು ಬಾಗಿಲ ಬಳಿ ತೂಗುಹಾಕಿದ್ದ ಬ್ರಿಜೆಟ್ಟಳ ಕೋಟಿನ ಮೇಲಿನ ಹೆಸರನ್ನೂ ಓದಿದ.

ಹೊರಡುವಾಗ ಬ್ರಿಜೆಟ್, ದಿನವೂ ಬೆಳಿಗ್ಗೆ ಹಾಕಬೇಕು, ಮಲಗುವ ಮುಂಚೆ ತೆಗೆಯಬೇಕು, ಹಾಕಿಕೊಂಡು ಮಾತ್ರ ಯಾವತ್ತೂ ಮಲಗಬಾರದು ಎಂದು ಹೇಳಿದಳು. ಅವನ ಕೈಯಲ್ಲೇ ಒಮ್ಮೆ ಹಾಕಿಸಿ ನೋಡಿದಳು. ನರ್ಸು ಮೊಣಕೈ ಹಿಡಿದುಕೊಂಡಿದ್ದಳು, ಹೇಗೋ ಕೂತಿತು. ಕಷ್ಟವಾದರೆ ಯೋಚನೆ ಬೇಡ, ಮನೆಯಲ್ಲೇ ಲೆನ್ಸ್ ಮಾಡುವ ಮಗಳಿದ್ದಾಳಲ್ಲ, ಅವಳು ಹಾಕುತ್ತಾಳೆ ಎಂದು ನಕ್ಕಳು. ಅಪ್ಪ ಆಗಲಿ ಎಂದ. ಮಗಳೂ ಆಗಲಿ ಎಂದಳು. ಬಿಳಿಯವರು ಹೇಳಿದ್ದಕ್ಕೆ ಎದುರಿಗೆ ಇಲ್ಲವೆನ್ನುವುದು ನಮ್ಮ ಜನಕ್ಕೆ ಬರುವುದಿಲ್ಲ.

ಅಪ್ಪನ ತಲೆಯನ್ನು ಮಕ್ಕಳು ಮುಟ್ಟುವಂತಿಲ್ಲ. ಅಪ್ಪನ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವಂತಿಲ್ಲ, ಅಪ್ಪ ಕೂತಿರುವಾಗ ಅವನಿಗಿಂತ ಎತ್ತರದಲ್ಲಿ ನಿಂತು ಮಾತಾಡುವಂತಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಉಸಿರಾಡುವುದನ್ನು ಯಾರು ಕಲಿಸುತ್ತಾರೆ. ಲೂಪೆ ಮದುವೆಯಾಗಿ, ಗಂಡನನ್ನು ಬಿಟ್ಟು, ಅಮ್ಮ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದು ಇದ್ದವಳು. ಕಾರ್ಖಾನೆಯಲ್ಲಿ ವಾದಕ್ಕೆ ನಿಂತರೆ ಯಜಮಾನನನ್ನೂ ಬಿಡುವವಳಲ್ಲ. ಅಂಥವಳು ಹುಟ್ಟಿದಾಗಿನಿಂದ ಒಮ್ಮೆಯೂ ಅಪ್ಪನ ಹಣೆಗೆ ಬೆರಳು ತಾಗಿಸಿದವಳಲ್ಲ. ತಲೆ ಎಂದರೆ ಕೂದಲು, ಹಣೆ, ಕೆನ್ನೆ ಎಲ್ಲ ಬಂತು. ಕಣ್ಣೂ ಬಂತು. ಅಪ್ಪ ಆಸ್ಪತ್ರೆಯಲ್ಲಿ ಒಮ್ಮೆ ಹಾಕಿಕೊಂಡಿದ್ದಾನೆ, ಮನೆಯಲ್ಲೂ ಹಾಕಿಕೊಳ್ಳುತ್ತಾನೆ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿ, ಆ ಯೋಚನೆಯನ್ನು ಅಲ್ಲಿಗೆ ಬಿಟ್ಟಳು.

ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಪ್ಪ ಇನ್ನೂ ಪ್ರಾರ್ಥನೆಯಲ್ಲಿ ಇರುತ್ತಿದ್ದ. ಸಂಜೆ ಬಂದು ಹೇಗಿತ್ತು ಅಪ್ಪಾ ಎಂದು ಕೇಳಿದರೆ, ಚೆನ್ನಾಗಿದೆ, ಸ್ವಲ್ಪ ಮಂಜು ಅಷ್ಟೇ ಎನ್ನುತ್ತಿದ್ದ. ಮಂಜು ಎಂಬ ಆ ಒಂದು ಮಾತು ಲೂಪೆಯ ತಲೆ ಕೆಡಿಸಿತು. ಲೆನ್ಸಿನವರ ಭಾಷೆಯಲ್ಲಿ ಮಂಜು ಎಂದರೆ, ಅಂಚು ಸರಿಯಾಗಿ ಕೂರದೆ ಲೆನ್ಸಿನಡಿಯ ನೀರಿಗೆ ಕಸ ಸೇರಿ ಕದಡುತ್ತಿದೆ ಎಂದು ಅರ್ಥ. ಅದಕ್ಕೆ ಮದ್ದು ಅಂಚನ್ನು ತಿದ್ದುವುದು. ಅವಳು ತಿದ್ದಿದಳು. ಎರಡನೆಯದಕ್ಕೂ ಅಪ್ಪ ಸ್ವಲ್ಪ ಮಂಜು ಎಂದ. ಆಳ ಕಡಿಮೆ ಮಾಡಿ ಮೂರನೆಯದನ್ನು ಕಡೆಸಿದಳು. ಸ್ವಲ್ಪ ಮಂಜು. ಆಸ್ಪತ್ರೆಗೆ ಹೋದಾಗಲೆಲ್ಲ ಬ್ರಿಜೆಟ್ ಹಾಕಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಮಂಜು ಕವಿಯಲು ಕೆಲವು ಗಂಟೆ ಬೇಕಾಗುತ್ತದೆ, ಅದಕ್ಕೇ ಇಲ್ಲಿ ಗೊತ್ತಾಗುತ್ತಿಲ್ಲ ಎಂದು ಇಬ್ಬರೂ ಮಾತಾಡಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲನ್ನು ತೋರಿಸುವವರು ಯಾರು.

ಈಸ್ಟರ್ ಹತ್ತಿರ ಬಂತು. ಲೂಪೆ ಊಟದ ಮೇಲೂ ಅಂಚನ್ನೇ ಯೋಚಿಸುತ್ತಿದ್ದಳು. ಬೇರೆಯವರ ಲೆನ್ಸ್‌ಗಳಲ್ಲಿ ತಪ್ಪು ಮಾಡತೊಡಗಿದಳು. ತನ್ನ ವಿದ್ಯೆಯೆಲ್ಲ ಸೇರಿ ಅಪ್ಪನನ್ನು ಕತ್ತಲೆಗೆ ತಳ್ಳುತ್ತಿದೆ ಎನ್ನಿಸಿ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೂರನೆಯ ಲೆನ್ಸನ್ನು ಹೊಳಪು ಕೊಟ್ಟು ನೋಡೋಣವೆಂದು ಒಂದು ಬೆಳಿಗ್ಗೆ ಡಬ್ಬಿಯ ಸಮೇತ ಕಾರ್ಖಾನೆಗೆ ತಂದಳು. ಕೈಗೆ ಹತ್ತಿರವಿತ್ತೆಂದು ಮೊದಲ ಎರಡನ್ನೂ ತಂದಿದ್ದಳು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಳು. ಒಂದೊಂದನ್ನೇ ತಿರುಗಿಸಿಟ್ಟು ಮತ್ತೊಮ್ಮೆ ನೋಡಿದಳು.

ಕಣ್ಣೊಳಗೆ ಹೋಗಿಬಂದ ಲೆನ್ಸಿಗೆ ಗುರುತಿರುತ್ತದೆ. ಕಣ್ಣೀರಿನ ಜಿಡ್ಡು ಹಾಲಿನ ಕೆನೆಯಂತೆ ತೆಳ್ಳಗೆ ಕಟ್ಟಿರುತ್ತದೆ, ಎಷ್ಟು ತೊಳೆದರೂ ಅಂಚಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಈ ಲೆನ್ಸಿನ ಮೇಲೆ ಅಂಥದ್ದೇನೂ ಇರಲಿಲ್ಲ. ಎರಡನೆಯದು ಹಾಗೆಯೇ, ಮೊದಲನೆಯದೂ ಹಾಗೆಯೇ. ಯಂತ್ರದಿಂದ ಇಳಿದ ದಿನ ಎಷ್ಟು ನಿರ್ಮಲವಾಗಿದ್ದವೋ ಅಷ್ಟೇ ನಿರ್ಮಲವಾಗಿದ್ದವು. ಆಸ್ಪತ್ರೆಯಲ್ಲಿ ಬ್ರಿಜೆಟ್ ಹಾಕಿದ ಆ ಸ್ವಲ್ಪ ಹೊತ್ತು ಬಿಟ್ಟರೆ ಮೂರರಲ್ಲಿ ಒಂದೂ ಅಪ್ಪನ ಕಣ್ಣು ಕಂಡಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಗಾಳಿ ಗುದ್ದಿ ಮೈ ನೋಯಿಸಿಕೊಂಡೆನಲ್ಲ ಎಂದುಕೊಂಡಳು. ಚರ್ಚಿನಲ್ಲಿ ಸತ್ಯದ ಮೇಲೆ ಹಾಡು ಹಾಡಿಸುವ ಮನುಷ್ಯ ದಿನವೂ ಸಂಜೆ ಮಗಳಿಗೆ ಸುಳ್ಳು ಹೇಳಿದ್ದಾನೆ. ಯಜಮಾನನಿಗೆ ಹೇಳಿ ರಜೆ ಹಾಕಿ ಕಾರು ಹತ್ತಿದಳು. ದಾರಿಯುದ್ದಕ್ಕೂ ಅಪ್ಪನಿಗೆ ಏನು ಹೇಳಬೇಕೆಂದು ಮಾತು ಜೋಡಿಸಿದಳು. ಅವುಗಳಲ್ಲಿ ಒಂದನ್ನೂ ಅವಳು ಅಪ್ಪನೆದುರು ಆಡಲಾರಳು, ಅದೂ ಅವಳಿಗೆ ಗೊತ್ತಿತ್ತು.

ಹಿತ್ತಿಲ ಬಾಗಿಲು ತೆರೆದಿತ್ತು. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮುಂದೆ ಒಂದು ಟವೆಲ್, ಉಪ್ಪುನೀರಿನ ಸೀಸೆ. ಅಂಗೈಯಲ್ಲಿ ಲೆನ್ಸ್ ಇರಲಿಲ್ಲ, ಅದನ್ನು ಅವಳು ತೆಗೆದುಕೊಂಡು ಹೋಗಿದ್ದಳಲ್ಲ. ಬದಲಿಗೆ ಅಂಗಿಯ ಒಂದು ಗುಂಡಿ ಇತ್ತು. ಅವನು ಆ ಗುಂಡಿಯನ್ನು ಎರಡು ಬೆರಳ ತುದಿಯಲ್ಲಿಟ್ಟುಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ನಿಧಾನವಾಗಿ ಕಣ್ಣಿನ ಕಡೆಗೆ ತರುವುದನ್ನು ಅಭ್ಯಾಸ ಮಾಡುತ್ತಿದ್ದ. ಅರ್ಧ ದಾರಿಯಲ್ಲೇ ಗುಂಡಿ ಬಿತ್ತು. ಮೊಣಕಾಲೂರಿ ನೆಲದ ಮೇಲೆ ತಡವರಿಸಿ ಹುಡುಕಿದ, ಸಿಕ್ಕಿತು, ಮತ್ತೆ ಕೂತ. ಮತ್ತೆ ಬಿತ್ತು. ವಯಸ್ಸೆಲ್ಲ ಮಾಂಸದ ಕಾರ್ಖಾನೆಯ ಶೀತಲ ಕೋಣೆಯಲ್ಲಿ ಕುರಿ ಕಡಿದ ಕೈ ಅದು. ಬೆರಳುಗಳಿಗೆ ಸ್ಪರ್ಶ ಸತ್ತಿತ್ತು.

ಲೂಪೆ ಒಳಗೆ ಹೋಗಲಿಲ್ಲ. ಅವಳ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕಣ್ಣನ್ನು ಕೂದಲೆಳೆಯವರೆಗೆ ಅಳೆದಿದ್ದಳು, ಆ ಕಣ್ಣಿಗೆ ಲೆನ್ಸನ್ನು ಒಯ್ಯಬೇಕಾದ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಅಪ್ಪ ಯಾಕೆ ಹೇಳಲಿಲ್ಲವೆಂಬುದೂ ಹೊಳೆಯಿತು. ನನ್ನಿಂದ ಆಗುತ್ತಿಲ್ಲ ಎಂದು ಅವನು ಬಾಯಿಬಿಟ್ಟಿದ್ದರೆ ಮುಂದಿನ ಮಾತು ಮಗಳದ್ದಾಗಬೇಕಿತ್ತು. ಅವಳು ಒಂದೋ ಅವನ ತಲೆ ಮುಟ್ಟಬೇಕಿತ್ತು, ಇಲ್ಲವೇ ಮುಟ್ಟಲಾರೆ ಎನ್ನಬೇಕಿತ್ತು. ಎರಡರಲ್ಲಿ ಯಾವುದನ್ನೂ ಅವಳಿಂದ ಮಾಡಿಸಬಾರದೆಂದು ಅವನು ಮಂಜು ಎಂದಿದ್ದ.

ಬಂದ ಹೆಜ್ಜೆಯಲ್ಲೇ ತಿರುಗಿ ಸೋದರತ್ತೆಯ ಮನೆಗೆ ಹೋದಳು. ನಮ್ಮಲ್ಲಿ ಇಂಥ ಹೊತ್ತಿಗೆ ಹೋಗಬೇಕಾದ್ದು ಅಲ್ಲಿಗೇ. ಅಪ್ಪನ ಅಕ್ಕನೆಂದರೆ ಮನೆತನಕ್ಕೆಲ್ಲ ಹಿರಿಯಳು, ಅವಳ ಮಾತಿನ ಮುಂದೆ ಅಪ್ಪನದೂ ನಡೆಯುವುದಿಲ್ಲ. ಮೆಲೆನೈಟೆ ಅತ್ತೆ ಎರಡು ಬೀದಿಯಾಚೆ ಒಬ್ಬಳೇ ಇದ್ದಳು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಳು.

"ಏನೇ, ಹಗಲು ಹೊತ್ತಲ್ಲಿ ಬಂದೆ? ಬಿಳಿಯರು ಕೆಲಸದಿಂದ ಓಡಿಸಿದ್ರಾ?" ಎಂದಳು.

ಲೂಪೆ ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಗುಂಡಿಯ ಮಾತು ಬಂದಾಗ ಅತ್ತೆಯ ಕೈ ನಿಂತಿತು.

"ಮುಟ್ಟು ಅಂತ ನಾನು ಹೇಳಬಲ್ಲೆ," ಎಂದಳು ಅತ್ತೆ. "ನಾನು ಹೇಳಿದ್ರೆ ಅವನೂ ಎದುರಾಡಲ್ಲ, ನಿನಗೂ ದೋಷ ಇಲ್ಲ. ಆದ್ರೆ ಯೋಚನೆ ಮಾಡು. ದಿನಾ ಬೆಳಿಗ್ಗೆ ಅವನು ಮಗಳ ಕೈಗೆ ತಲೆ ಕೊಟ್ಟು ಕೂತ್ಕೋಬೇಕು. ಅಕ್ಕ ಹೇಳಿದ್ದಾಳೆ ಅಂತ ಕೂತ್ಕೋತಾನೆ. ಕೂತ್ಕೊಂಡು ಒಳಗೊಳಗೇ ಸಾಯ್ತಾನೆ."

"ಹಾಗಾದ್ರೆ ನೀವೇ ಬಂದು ಹಾಕಿ ಅತ್ತೆ."

"ನಾನಾ? ಅವನಿಗೆ ಮೀಸೆ ಚಿಗುರಿ ಗಂಟಲು ಒಡೆದಾಗಿನಿಂದ ನಾವಿಬ್ಬರೂ ಒಂದು ಕೋಣೇಲಿ ಕೂತಿಲ್ಲ. ನಾನು ಮುಂಬಾಗಿಲಿಗೆ ಬಂದ್ರೆ ಅವನು ಹಿತ್ತಿಲಿಗೆ ಹೋಗ್ತಾನೆ. ಅಕ್ಕ ತಮ್ಮ ಅಂದ್ಮೇಲೆ ಹಾಗೇ ಇರಬೇಕು. ಈಗ ಹೋಗಿ ಅವನ ಕಣ್ಣು ಬಿಡಿಸಲಾ?"

ಹಾಗೆಂದು ಹಿಟ್ಟನ್ನು ಮಗುಚಿ ಹಾಕಿದಳು. ಚಿಕ್ಕಂದಿನಲ್ಲಿ ಅವನನ್ನು ಬೆನ್ನಮೇಲೆ ಹೊತ್ತು ಹವಳದ ದಡದಲ್ಲಿ ನಡೆದವಳು ತಾನೇ ಎಂದು ಹೇಳಿದಳು. ಆಮೇಲೆ ಚಹಾ ಕೇಳಿದಳು. ಲೂಪೆ ಮಾಡಿ ತಂದಳು. ಅತ್ತೆ ಕುರ್ಚಿಯಲ್ಲಿದ್ದಳು, ಕೈಯೆಲ್ಲ ಹಿಟ್ಟು. ಲೂಪೆ ಕೆಳಗೆ ಚಾಪೆಯ ಮೇಲೆ ಕೂತು ಕಪ್ಪನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. ಅತ್ತೆ ಬಗ್ಗಿ ಕಪ್ಪಿಗೆ ತುಟಿ ಹಚ್ಚಿ ಕುಡಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಲೂಪೆ ಕಪ್ಪನ್ನು ಹಾಗೆಯೇ ಹಿಡಿದುಕೊಂಡು ಉಳಿದಳು. ಬೋಗುಣಿ ಲೆನ್ಸನ್ನು ಹಾಕಬೇಕಾದ್ದೇ ಹೀಗೆ. ನೀರು ಚೆಲ್ಲದಿರಬೇಕಾದರೆ ಲೆನ್ಸ್ ಕೆಳಗೆ ಬಟ್ಟಲಿನಂತೆ ಅಲುಗದೆ ಇರಬೇಕು, ಮುಖ ನೆಲಕ್ಕೆ ಬಗ್ಗಬೇಕು. ಇದನ್ನು ಅವಳು ಎಷ್ಟೋ ಜನಕ್ಕೆ ಹೇಳಿದ್ದಾಳೆ. ಅಪ್ಪ ಕುರ್ಚಿಯಲ್ಲಿ ಇರುತ್ತಾನೆ, ಮಗಳು ಮಗಳಿರಬೇಕಾದ ನೆಲದಲ್ಲೇ ಇರುತ್ತಾಳೆ. ಅವಳ ಕೈ ಅವನ ತಲೆಗೆ ಏರುವುದಿಲ್ಲ, ಅವನೇ ಬಗ್ಗಿ ಬರುತ್ತಾನೆ.

"ಏನೇ, ಕಪ್ಪು ಕೈಗೆ ಅಂಟಿಕೊಳ್ತಾ?" ಎಂದಳು ಅತ್ತೆ. ಲೂಪೆ ತನಗೆ ಹೊಳೆದದ್ದನ್ನು ಹೇಳಿದಳು. ಅತ್ತೆ ಕೇಳಿ, ಬಗ್ಗಿಸುವುದು ಬೇರೆ, ಬಗ್ಗುವುದು ಬೇರೆ, ಬಗ್ಗಿದರೆ ಅವನಿಗೇನೂ ಕೊರತೆಯಿಲ್ಲ ಎಂದು ತೀರ್ಪು ಕೊಟ್ಟಳು.

ಮರುದಿನ ಬೆಳಿಗ್ಗೆ ಲೂಪೆ ಕೆಲಸಕ್ಕೆ ಹೋಗಲಿಲ್ಲ. ಮೂರು ಲೆನ್ಸ್‌ಗಳಲ್ಲಿ ಮೊದಲನೆಯದನ್ನು ತೆಗೆದುಕೊಂಡಳು. ಉಳಿದೆರಡು ಇಲ್ಲದ ತಪ್ಪಿಗೆ ಮಾಡಿದ ತಿದ್ದುಪಡಿಗಳು. ಲೆನ್ಸನ್ನು ರಬ್ಬರಿನ ಪುಟ್ಟ ಹಿಡಿಕೆಯ ಮೇಲೆ ಕೂರಿಸಿ, ತುಂಬ ಉಪ್ಪುನೀರು ಬಿಟ್ಟು, ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತಳು. ಪ್ರಾರ್ಥನೆ ಮುಗಿಸಿ ಬಂದ ಅಪ್ಪ ಅವಳನ್ನು ಕಂಡು ನಿಂತ.

"ಈ ಲೆನ್ಸಿಗೆ ಹಾಕೋ ರೀತಿಯೇ ಬೇರೆ ಅಪ್ಪಾ," ಎಂದಳು. "ನಾನು ಮೊದಲೇ ಹೇಳಬೇಕಿತ್ತು. ಇದು ನನ್ನ ಕೈಲಿ ಇರತ್ತೆ, ಅಲುಗಲ್ಲ. ರೆಪ್ಪೆ ನೀವೇ ಎರಡೂ ಕೈಯಲ್ಲಿ ಬಿಡಿಸಿಕೊಳ್ಳಿ. ನೀವೇ ಬಗ್ಗಿ ಬನ್ನಿ. ನಾನು ಮುಟ್ಟಲ್ಲ."

ಅವಳಿಗೆ ತಿಳಿದುಹೋಗಿದೆ ಎಂಬುದು ಅವನಿಗೆ ತಿಳಿಯಿತು. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಅವನು ಕೂತ. ಎರಡೂ ಕೈಗಳಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿದ. ಮುಖಕ್ಕೆ ಒತ್ತಿಹಿಡಿದ ಕೈಗೆ ನಡುಕ ಕಮ್ಮಿ. ಬಗ್ಗತೊಡಗಿದ. ಮೊದಲ ಸಲ ನೀರು ಚೆಲ್ಲಿತು. ಎರಡನೆಯ ಸಲ ಗಾಳಿಗುಳ್ಳೆ ಸಿಕ್ಕಿಕೊಂಡಿತು. ಮೂರನೆಯ ಸಲ ಅವನ ಉಸಿರು ಅವಳ ಬೆರಳಿಗೆ ತಾಗುವಷ್ಟು ಹತ್ತಿರ ಬಂತು, ಲೆನ್ಸ್ ಕಣ್ಣಿಗೆ ಕೂತಿತು, ರಬ್ಬರಿನ ಹಿಡಿಕೆ ಅವಳ ಕೈಯಲ್ಲಿ ಬರಿದಾಗಿ ಉಳಿಯಿತು.

ಅವನು ತಲೆಯೆತ್ತಿ ರೆಪ್ಪೆ ಬಡಿದ. ನೆಲದ ಮೇಲೆ ಕೂತ ಮಗಳನ್ನು ನೋಡಿದ. ಅವಳು ವಾಡಿಕೆಯಂತೆ ಕಣ್ಣು ತಗ್ಗಿಸಿದಳು.

"ನಿನ್ನ ತಲೇಲಿ ಬಿಳಿ ಕೂದಲು ಬಂದಿದೆ," ಎಂದ ಸೈಮೋನೆ. "ಯಾರೂ ನನಗೆ ಹೇಳಲೇ ಇಲ್ಲ."

ಲೂಪೆ ಎದ್ದು ಹಿತ್ತಿಲಿಗೆ ಹೋಗಿ ಅತ್ತಳು. ಸಂತೋಷಕ್ಕೆಂದು ಹೇಳಿದರೆ ಪೂರ್ತಿ ನಿಜವಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಅಪ್ಪ ತನ್ನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂಬ ದುಃಖವೂ ಅದರಲ್ಲಿತ್ತು.

ಅಂದಿನಿಂದ ದಿನವೂ ಅದೇ ಕ್ರಮವಾಯಿತು. ಬೆಳಿಗ್ಗೆ ಅವನು ಬಗ್ಗಿ ಲೆನ್ಸ್ ತೆಗೆದುಕೊಳ್ಳುತ್ತಿದ್ದ. ಸಂಜೆ ಮತ್ತೆ ಬಗ್ಗಿ, ಅವಳು ಹಿಡಿದ ರಬ್ಬರಿನ ಹಿಡಿಕೆಗೆ ಅದನ್ನು ಒಪ್ಪಿಸುತ್ತಿದ್ದ. ಆಪರೇಷನ್ ಮಾತನ್ನು ಬ್ರಿಜೆಟ್ ಬಿಟ್ಟಳು. ಸೈಮೋನೆ ಹೊಸ ಬಟ್ಟೆಯ ಮೇಲೆ ಹೊಸ ಹಾಡಿನ ಅಂಕಿಗಳನ್ನು ಬರೆದು ಗೋಡೆಗೆ ಕಟ್ಟಿಸಿದ. ಅವನು ಕೋಲು ಹಿಡಿದು ಹಿಂದಿನ ಸಾಲಿನವರ ಬಾಯಿಯನ್ನೂ ನೋಡಿ ಬೈಯತೊಡಗಿದಾಗ, ಇವನ ಕಣ್ಣು ಹೋಗಿದ್ದಾಗಲೇ ನಾವು ಸುಖವಾಗಿದ್ದೆವು ಎಂದು ಮೇಳದವರು ಗೊಣಗಿದರು.

ಒಂದು ತೊಡಕು ಮಾತ್ರ ಭಾನುವಾರದ್ದು. ಚರ್ಚು ಮುಗಿಸಿ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ಕುರಿಮಾಂಸ ಉಂಡ ಮೇಲೆ ನಮ್ಮವರು ನಿದ್ದೆ ಮಾಡದೆ ಬಿಡುವುದಿಲ್ಲ. ಲೂಪೆ ಪ್ರತಿ ಭಾನುವಾರ, ಅಪ್ಪಾ, ಹಾಕಿಕೊಂಡು ಮಲಗಬಾರದು ಎನ್ನುತ್ತಾ ಬಂದು ನೆಲದಲ್ಲಿ ಕೂರುತ್ತಿದ್ದಳು. ಅವನು ಆಕಳಿಸುತ್ತಲೇ ಬಗ್ಗುತ್ತ, ಎರಡು ನಿಮಿಷದ ತೂಕಡಿಕೆಗೂ ಕಾನೂನೇ ಎನ್ನುತ್ತಿದ್ದ. ನೀರಿನ ಕೆಳಗೆ ಪೊರೆಗೆ ಉಸಿರು ಕಟ್ಟುತ್ತದೆ, ಎರಡು ನಿಮಿಷವೂ ಬೇಡ ಎಂದು ಅವಳು ಹಟ ಹಿಡಿಯುತ್ತಿದ್ದಳು. ಈ ಸುದ್ದಿ ಅತ್ತೆಗೂ ಮುಟ್ಟಿತ್ತು. ನಿನ್ನ ಲೆನ್ಸಿನ ದೆಸೆಯಿಂದ ನನ್ನ ತಮ್ಮನಿಗೆ ಭಾನುವಾರದ ನಿದ್ದೆ ಹೋಯಿತು ಎಂದು ಸಿಕ್ಕಲ್ಲೆಲ್ಲ ಲೂಪೆಯನ್ನು ಕೆಣಕುತ್ತಿದ್ದಳು.

ಹೀಗೆ ಆ ಈಸ್ಟರ್ ಕಳೆದು, ಇನ್ನೂ ಎರಡು ಈಸ್ಟರ್ ಕಳೆದವು. ಅದಾದ ಮೇಲೆ, ಈ ದಕ್ಷಿಣದ ನಾಡಿನಲ್ಲಿ ಚಳಿ ಶುರುವಾಗುವ ಜೂನಿನ ಒಂದು ಭಾನುವಾರ ಮೇಳದವರು ಮನೆಗೆ ಊಟಕ್ಕೆ ಬಂದಿದ್ದರು. ಅವತ್ತು ಹೊಸ ಹಾಡು ಬಹಳ ಚೆನ್ನಾಗಿ ಬಂದಿತ್ತು. ಊಟವಾಗಿ ಅವರೆಲ್ಲ ಹೋದಮೇಲೆ ಲೂಪೆ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತ, ಕೈ ಒರೆಸಿಕೊಂಡು ಬಂದು ತೆಗೆಯುತ್ತೇನೆ, ಅಪ್ಪಾ ಮಲಗಬೇಡಿ ಎಂದು ಅಲ್ಲಿಂದಲೇ ಕೂಗಿದಳು. ಅವನು ಕುರ್ಚಿಯಲ್ಲೇ ಹಿಂದಕ್ಕೊರಗಿದ್ದ. ಅವಳು ರಬ್ಬರಿನ ಹಿಡಿಕೆ ಹಿಡಿದುಕೊಂಡು ಬಂದು ಎದುರಿಗೆ ಕೂತು, ಅಪ್ಪಾ ಎಂದು ಎಷ್ಟು ಕರೆದರೂ ಅವನು ಬಗ್ಗಲಿಲ್ಲ.

ಆಂಬುಲೆನ್ಸಿನವರು ಬಂದರು, ಎದೆಯ ಮೇಲೆ ಯಂತ್ರವಿಟ್ಟು ನೋಡಿದರು, ತಲೆಯಾಡಿಸಿದರು. ಅವರಲ್ಲೊಬ್ಬ ಕಣ್ಣ ರೆಪ್ಪೆಗಳನ್ನು ಮುಚ್ಚಿದ. ಗಾಜಿನಂಥ ಲೆನ್ಸ್ ಅವನ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ ಮನೆ ತುಂಬಿತು. ಅಪ್ಪನನ್ನು ಚಾಪೆಗಳ ಮೇಲೆ ಮಲಗಿಸಿದರು.

ಸಾವಿನ ಮನೆಯಲ್ಲಿ ಯಾರು ಎಲ್ಲಿರಬೇಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಸತ್ತವನ ತಲೆಯ ಬಳಿ ಕೂರುವ ಹಕ್ಕು ಅವನ ಅಕ್ಕನದು. ಮಕ್ಕಳು ಅವನಿಗೆ ಕಿರಿಯರು, ಅವರು ದುಃಖದ ಗುರುತಾಗಿ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡು, ಕೂದಲು ಬಿಚ್ಚಿಕೊಂಡು, ಹೊರಗೆ ಒಲೆಗಳ ಬಳಿ ಬಂದವರಿಗೆ ಬೇಯಿಸುತ್ತಿರಬೇಕು. ಮೈಯ ಹತ್ತಿರ ಸುಳಿಯುವಂತಿಲ್ಲ. ಮೆಲೆನೈಟೆ ಅತ್ತೆ ಕಪ್ಪು ಬಟ್ಟೆಯಲ್ಲಿ ಬಂದು, ತಮ್ಮನ ಕೋಣೆಯೊಳಗೆ ಕಾಲಿಟ್ಟು, ಅವನ ತಲೆಯ ಬಳಿ ಕೂತಳು. ಈ ಸಲ ಅವನು ಎದ್ದು ಹಿತ್ತಿಲಿಗೆ ಹೋಗಲಿಲ್ಲ.

ಲೂಪೆ ಕಾರ್ ಶೆಡ್ಡಿನಲ್ಲಿ ಕೆಸುವಿನ ಗಡ್ಡೆ ಹೆರೆಯುತ್ತಿದ್ದಳು. ಅಳು ಬರಲಿಲ್ಲ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅಪ್ಪ ಹಾಕಿಕೊಂಡು ಮಲಗಿದ್ದಾನೆ. ಇನ್ನು ಆ ಪೊರೆಗೆ ಉಸಿರು ಬೇಕಿಲ್ಲ, ಏನೂ ಆಗುವುದಿಲ್ಲ ಎಂದು ಅವಳ ವಿದ್ಯೆ ಹೇಳುತ್ತಿತ್ತು. ಅದು ಅವಳಿಗೆ ತಟ್ಟಲೇ ಇಲ್ಲ. ಸಂಜೆಯಾಗುವಷ್ಟರಲ್ಲಿ ಶವ ಒಯ್ಯುವ ಗಾಡಿ ಬರುತ್ತದೆ. ಆಮೇಲೆ ಅದನ್ನು ತೆಗೆಯುವವರು ಯಾರು. ಹೋಗಿ ಕೇಳುವುದು ಹೇಗೆ. ಇಂಥ ದಿನ ಅಪ್ಪನ ತಲೆಯ ಮಾತೆತ್ತುವ ಮಗಳನ್ನು ನೆಂಟರು ಏನೆಂದಾರು. ರಬ್ಬರಿನ ಹಿಡಿಕೆ ಇನ್ನೂ ಅವಳ ಜೇಬಿನಲ್ಲೇ ಇತ್ತು. ಅದನ್ನು ಒತ್ತಿ ಹಿಡಿದುಕೊಂಡು ಗಡ್ಡೆ ಹೆರೆದಳು.

ಅಷ್ಟರಲ್ಲಿ ಅತ್ತೆ ಕರೆಯುತ್ತಿದ್ದಾಳೆಂದು ಒಬ್ಬಳು ಬಂದು ಹೇಳಿದಳು. ಒಳಗೆ ಹಾಡುತ್ತ ಕೂತವರೆಲ್ಲ ಲೂಪೆ ಬಂದದ್ದನ್ನು ಕಂಡು ಹಾಡು ನಿಲ್ಲಿಸಿದರು. ಒಬ್ಬ ಹಿರಿಯ, ಇದು ಸರಿಯಲ್ಲ ಎಂದು ಮೆಲ್ಲಗೆ ಅಂದ. ಅತ್ತೆ ಅವನನ್ನು ನೋಡಿದಳು, ಅವನು ಸರಿದು ದಾರಿ ಬಿಟ್ಟ. ಲೂಪೆ ಬಾಗಿಲಿನಿಂದ ಮೊಣಕಾಲ ಮೇಲೆಯೇ ಬಂದು ಅಪ್ಪನ ಕಾಲ ಬಳಿ ಕೂತಳು.

"ಅಲ್ಲಲ್ಲ, ಇಲ್ಲಿ ಬಾ," ಎಂದಳು ಅತ್ತೆ. "ಹಾಕ್ಕೊಂಡು ಮಲಗಬಾರದು ಅಂತ ಬಡ್ಕೋತಿದ್ಯಲ್ಲ. ತೆಗೀ."

ಲೂಪೆ ಅಪ್ಪನ ತಲೆಯ ಬಳಿಗೆ ಸರಿದಳು. ಎರಡು ವರ್ಷ ಅವಳು ಕೂತ ನೆಲಕ್ಕೆ ಅವನೇ ಬಂದಿದ್ದ. ಅಭ್ಯಾಸದಂತೆ ರಬ್ಬರಿನ ಹಿಡಿಕೆಯನ್ನು ಕೆಳಗೆ ಹಿಡಿದು ಕೂತಳು, ಆ ಕೈ ಮೇಲೇಳಲೇ ಇಲ್ಲ.

"ಇನ್ನು ಅವನಿಗೆ ಬಗ್ಗೋಕಾಗಲ್ಲ ಮಗಳೇ," ಎಂದಳು ಅತ್ತೆ. "ನೀನೇ ಬಗ್ಗು. ನಾನು ಹೇಳ್ತಿದೀನಿ."

ಲೂಪೆ ಬಗ್ಗಿದಳು. ಎಡಗೈಯನ್ನು ಅಪ್ಪನ ಹಣೆಯ ಮೇಲಿಟ್ಟಳು. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ಆ ಹಣೆ ಅವಳ ಕೈಗೆ ಸಿಕ್ಕಿತು. ಅದು ಪೂರ್ತಿ ತಣ್ಣಗಾಗಿರಲಿಲ್ಲ. ಹುಬ್ಬಿನ ಕೂದಲು ಒರಟಾಗಿತ್ತು, ಹಣೆಯ ಎಲುಬು ಅವಳದರಂತೆಯೇ ಎಡಕ್ಕೆ ಕೊಂಚ ಉಬ್ಬಿತ್ತು. ಅಪ್ಪನ ಕಣ್ಣಿನ ಒಂದೊಂದು ಏರಿಳಿತ ಬಲ್ಲ ಅವಳಿಗೆ ಇದು ಗೊತ್ತಿರಲಿಲ್ಲ. ಹೆಬ್ಬೆರಳಿನಿಂದ ರೆಪ್ಪೆ ಸರಿಸಿ, ರಬ್ಬರಿನ ಹಿಡಿಕೆಯನ್ನು ಲೆನ್ಸಿಗೆ ಮೆಲ್ಲಗೆ ಒತ್ತಿ, ಅಂಚನ್ನು ಎಬ್ಬಿಸಿದಳು. ಲೆನ್ಸ್ ಬಿಟ್ಟುಕೊಟ್ಟಿತು. ಬೆಳಿಗ್ಗೆ ಅವಳೇ ತುಂಬಿದ್ದ ಉಪ್ಪುನೀರು ಕಣ್ಣಿನಿಂದ ಹೊರಬಂದು ಅವನ ಕೆನ್ನೆಯ ಮೇಲೆ ಇಳಿಯಿತು.

ಅತ್ತೆ ತನ್ನ ಸೆರಗಿನಂಥ ಕಪ್ಪು ಬಟ್ಟೆಯ ತುದಿಯಿಂದ ತಮ್ಮನ ಕೆನ್ನೆಯನ್ನು ಒರೆಸಿದಳು. ಲೂಪೆ ರೆಪ್ಪೆಯನ್ನು ಮುಚ್ಚಿದಳು. ಹಣೆಯ ಮೇಲಿನ ಕೈಯನ್ನು ತೆಗೆಯಬೇಕೆಂದು ಗೊತ್ತಿದ್ದರೂ ತೆಗೆಯಲಾಗಲಿಲ್ಲ. ತೆಗೆ ಎಂದು ಅತ್ತೆಯೂ ಹೇಳಲಿಲ್ಲ.

"ಈಗ ಮಲಗಲಿ," ಎಂದಳು ಅತ್ತೆ, ಮತ್ತು ಹಾಡು ನಿಲ್ಲಿಸಿದವರ ಕಡೆ ತಿರುಗಿ ಮುಂದುವರಿಸಿ ಎಂದು ಸನ್ನೆ ಮಾಡಿದಳು.